ಎರಡು ಟನ್ನಿನ ಗಾಡಿಗೆ ನಾಲ್ಕು ಹೊಸ ಟೈರ್

"ಅದೇ ಕಂಪನಿದು ಹಾಕ್ಲಾ ಸಾರ್, ಬೇರೆ ನೋಡ್ತೀರಾ?"

ಟೈರ್ ಅಂಗಡಿಯಲ್ಲಿ ಕೇಳುವ ಈ ಪ್ರಶ್ನೆಗೆ ಉತ್ತರ ಸಿದ್ಧ ಮಾಡಿಕೊಂಡು ಹೋಗುವವರು ಕಡಿಮೆ. ಗಾಡಿ ಬುಕ್ ಮಾಡುವಾಗ ಸೀಟಿನ ಬಣ್ಣ, ಸ್ಪೀಕರ್‌ಗಳ ಸಂಖ್ಯೆ, ಸನ್‌ರೂಫಿನ ಅಳತೆ ಎಲ್ಲವನ್ನೂ ವಿಚಾರಿಸಿದವರು ಟೈರ್ ವಿಷಯದಲ್ಲಿ ಮಾತ್ರ ಕಾರ್ಖಾನೆ ಕೊಟ್ಟದ್ದನ್ನು ಒಪ್ಪಿಕೊಂಡು ಬಂದಿರುತ್ತಾರೆ. ಆ ಟೈರ್‌ಗಳು ಸವೆದ ದಿನ ಆಯ್ಕೆ ಮೊದಲ ಸಲ ಮಾಲೀಕರ ಕೈಗೆ ಬರುತ್ತದೆ. ದುಬಾರಿ ಎಸ್‌ಯುವಿಗಳ ಇಪ್ಪತ್ತು ಇಂಚಿನ ಟೈರ್ ನಾಲ್ಕು ಹಾಕಿಸಿದರೆ ಬಿಲ್ಲು ಲಕ್ಷ ದಾಟುವುದು ಮಾಮೂಲು. ಅಷ್ಟು ಹಣ ಹಾಕುವಾಗ ಸವಾರಿ ಹಾಯಾಗಿರಬೇಕು, ತಿರುವಿನಲ್ಲಿ ಗಾಡಿ ಹೇಳಿದ ಮಾತು ಕೇಳಬೇಕು ಎಂದು ಬಯಸುವುದು ನ್ಯಾಯ. ಎರಡೂ ಪೂರ್ತಿಯಾಗಿ ಒಂದೇ ಟೈರಿನಲ್ಲಿ ಸಿಗುವುದಿಲ್ಲ ಎನ್ನುವುದೂ ನಿಜ.

ನನ್ನ ನಿಲುವನ್ನು ಮೊದಲೇ ಹೇಳುತ್ತೇನೆ. ಸ್ಟೀರಿಂಗ್ ತಿರುಗಿಸಿದ ಕ್ಷಣದಲ್ಲೇ ಮೂತಿ ತಿರುಗುವ ಚುರುಕುತನ ಒಂದು ಗುಣ. ಬ್ರೇಕ್ ಒತ್ತಿದಾಗ ಜಾರದೆ ನಿಲ್ಲುವ, ಮಳೆಯ ತಿರುವಿನಲ್ಲಿ ರಸ್ತೆ ಬಿಡದಿರುವ ಹಿಡಿತ ಇನ್ನೊಂದು. ಜಾಹೀರಾತುಗಳು ಎರಡನ್ನೂ ಒಂದೇ ಹೆಸರಿನಲ್ಲಿ ಮಾರುತ್ತವೆ. ಆದರೆ ಮೊದಲನೆಯದು ಹೆಚ್ಚಾಗಿ ಸೈಡ್‌ವಾಲ್ ಮತ್ತು ಟ್ರೆಡ್ ಬ್ಲಾಕುಗಳ ಬಿಗಿತದಿಂದ ಬರುತ್ತದೆ, ಎರಡನೆಯದು ಹೆಚ್ಚಾಗಿ ರಬ್ಬರಿನ ಮಿಶ್ರಣ ಮತ್ತು ನೀರು ಹೊರದೂಡುವ ತೋಡುಗಳಿಂದ. ಹಾಯಾದ ಸವಾರಿಗೆ ಎದುರು ನಿಲ್ಲುವುದು ಬಿಗಿತ, ಹಿಡಿತವಲ್ಲ. ಹಾಗಾಗಿ ಮೆತ್ತನೆಯ ಸವಾರಿಗಾಗಿ ಚುರುಕುತನವನ್ನು ಸ್ವಲ್ಪ ಬಿಟ್ಟುಕೊಡಬಹುದು. ಒದ್ದೆ ರಸ್ತೆಯ ಹಿಡಿತವನ್ನು ಯಾವ ಕಾರಣಕ್ಕೂ ಬಿಟ್ಟುಕೊಡಬಾರದು. ಎರಡು ಟನ್ ಮೀರಿದ, ಎತ್ತರದ ಗಾಡಿಗೆ ಈ ಮಾತು ಸಣ್ಣ ಕಾರಿಗಿಂತ ಹೆಚ್ಚು ಅನ್ವಯಿಸುತ್ತದೆ.

ಅಂಕಿಗಳಲ್ಲಿ ಅಡಗಿದ ಸವಾರಿ

ಮಾತು ಗಾಳಿಯಲ್ಲಿ ತೇಲದಿರಲು ಒಂದು ಗಾಡಿಯನ್ನು ಹಿಡಿದುಕೊಳ್ಳೋಣ. ಬೆಂಗಳೂರಿನ ಪಕ್ಕದ ಹೊಸಕೋಟೆಯಲ್ಲೇ 2017ರಿಂದ ಜೋಡಣೆಯಾದ ವೋಲ್ವೋ ಎಕ್ಸ್‌ಸಿ90 ನಮ್ಮ ರಸ್ತೆಗಳಲ್ಲಿ ಸಾಕಷ್ಟಿವೆ. ಅದರ ಸಾಮಾನ್ಯ ಅಳತೆ 275/45 ಆರ್ 20. ಟೈರಿನ ಅಗಲ 275 ಮಿ.ಮೀ. ಸೈಡ್‌ವಾಲಿನ ಎತ್ತರ ಆ ಅಗಲದ ಶೇ 45, ಅಂದರೆ ಸುಮಾರು 124 ಮಿ.ಮೀ. ರಿಮ್ಮಿನ ವ್ಯಾಸ 20 ಇಂಚು. ಗುಂಡಿಯ ಅಂಚು ಬಡಿದಾಗ ನಿಮ್ಮ ಬೆನ್ನಿಗೂ ರಿಮ್ಮಿಗೂ ಮೊದಲ ರಕ್ಷಣೆ ಈ 124 ಮಿ.ಮೀ. ರಬ್ಬರು ಮತ್ತು ಅದರೊಳಗಿನ ಗಾಳಿ. ಸಸ್ಪೆನ್ಶನ್ನಿನ ಸರದಿ ಬರುವುದು ಅದಾದ ಮೇಲೆ.

ಇದೇ ಗಾಡಿಗೆ 275/40 ಆರ್ 21 ಮತ್ತು 275/35 ಆರ್ 22 ಅಳತೆಗಳೂ ಇವೆ. ಅವುಗಳ ಸೈಡ್‌ವಾಲ್ ಕ್ರಮವಾಗಿ 110 ಮತ್ತು 96 ಮಿ.ಮೀ. ಟೈರಿನ ಒಟ್ಟು ವ್ಯಾಸ ಮೂರರಲ್ಲೂ ಹೆಚ್ಚು ಕಡಿಮೆ ಒಂದೇ, ಸುಮಾರು 75 ಸೆಂ.ಮೀ. ರಿಮ್ ಬೆಳೆದಷ್ಟೂ ರಬ್ಬರಿನ ಪಾಲು ಕರಗುತ್ತದೆ. ಇಪ್ಪತ್ತೆರಡು ಇಂಚಿನ ರಿಮ್ ಶೋರೂಮಿನಲ್ಲಿ ಚೆನ್ನಾಗಿ ಕಾಣುತ್ತದೆ, ಒಪ್ಪುತ್ತೇನೆ. ಆದರೆ ಮಳೆಗಾಲ ಮುಗಿದ ಬೆಂಗಳೂರಿನ ಯಾವ ಹೊರವಲಯದ ರಸ್ತೆಯಲ್ಲಾದರೂ ಒಂದು ವಾರ ಓಡಿಸಿದರೆ 28 ಮಿ.ಮೀ. ಕಳೆದುಕೊಂಡದ್ದರ ಬೆಲೆ ತಿಳಿಯುತ್ತದೆ. ಟೈರಿನೊಳಗಿನ ದಾರಗಳು ರಿಮ್ ಮತ್ತು ಗುಂಡಿಯ ಅಂಚಿನ ನಡುವೆ ಸಿಕ್ಕು ತುಂಡಾಗುತ್ತವೆ. ಹೊರಗೆ ಸೈಡ್‌ವಾಲಿನಲ್ಲಿ ಮೊಟ್ಟೆಯಂಥ ಉಬ್ಬು ಕಾಣಿಸಿಕೊಳ್ಳುತ್ತದೆ. ಅದಕ್ಕೆ ರಿಪೇರಿ ಇಲ್ಲ. ಅಂಥ ಟೈರಿನಲ್ಲಿ ಹೈವೇ ಹತ್ತಲೇಬಾರದು.

ಆದ್ದರಿಂದ 21 ಅಥವಾ 22 ಇಂಚಿನ ರಿಮ್ ಇರುವವರು ಟೈರ್ ಬದಲಿಸುವ ಹೊತ್ತಿಗೆ ರಿಮ್ಮನ್ನೂ 20ಕ್ಕೆ ಇಳಿಸುವ ಬಗ್ಗೆ ಯೋಚಿಸುವುದು ಒಳ್ಳೆಯದು. ಸವಾರಿ ಇದರಿಂದ ಸುಧಾರಿಸುವಷ್ಟು ಯಾವ ದುಬಾರಿ ಟೈರಿನಿಂದಲೂ ಸುಧಾರಿಸದು. 20ರಿಂದ 19ಕ್ಕೆ ಇಳಿಯುವುದು ಬೇರೆ ಲೆಕ್ಕ. ಎಕ್ಸ್‌ಸಿ90ರ 19 ಇಂಚಿನ ಅಳತೆ 235/55. ಸೈಡ್‌ವಾಲ್ 129 ಮಿ.ಮೀ. ಹೆಚ್ಚುವರಿಯಾಗಿ ಸಿಗುವುದು ಬರೀ 5 ಮಿ.ಮೀ. ಅಲ್ಲಿ ಲಾಭ ಬೇರೆ ಕಡೆ ಇದೆ: ಟೈರ್ 40 ಮಿ.ಮೀ. ಕಿರಿದು, ಸದ್ದು ಕಡಿಮೆ, ನೀರನ್ನು ಸುಲಭವಾಗಿ ಸೀಳುತ್ತದೆ, ಬೆಲೆಯೂ ಇಳಿಯುತ್ತದೆ. ರಿಮ್ ಇಳಿಸುವ ಮೊದಲು ಅದು ಬ್ರೇಕ್ ಕ್ಯಾಲಿಪರ್‌ಗೆ ತಾಗುವುದಿಲ್ಲವೇ, ಆ ಅಳತೆ ಗಾಡಿಯ ಕೈಪಿಡಿಯಲ್ಲಿ ಇದೆಯೇ ನೋಡಬೇಕು. ಕೈಪಿಡಿಯಲ್ಲಿ ಇಲ್ಲದ ಅಳತೆಯ ಗೊಡವೆಗೆ ಹೋಗಬೇಡಿ. ಸ್ಪೀಡೋಮೀಟರ್, ಎಬಿಎಸ್ ಎಲ್ಲ ಟೈರಿನ ಸುತ್ತಳತೆಯ ಮೇಲೆ ಲೆಕ್ಕ ಹಾಕುತ್ತವೆ, ಅಪಘಾತವಾದರೆ ವಿಮೆಯವರೂ ಪ್ರಶ್ನೆ ಎತ್ತಬಹುದು.

ಅಳತೆಯ ಪಕ್ಕದಲ್ಲಿ 110 ವಿ ಎಂಬಂಥ ಗುರುತು ಇರುತ್ತದೆ. 110 ಎಂದರೆ ಒಂದು ಟೈರ್ 1,060 ಕೆ.ಜಿ. ಹೊರಬಲ್ಲದು, ವಿ ಎಂದರೆ ಗಂಟೆಗೆ 240 ಕಿ.ಮೀ. ವೇಗ ತಾಳಬಲ್ಲದು. ನಮ್ಮಲ್ಲಿ ಆ ವೇಗ ಯಾರಿಗೂ ಬೇಡ. ಆದರೂ ಗಾಡಿ ಕಂಪನಿ ಹೇಳಿದ್ದಕ್ಕಿಂತ ಕೆಳಗಿನ ಗುರುತಿನ ಟೈರ್ ಹಾಕಬಾರದು, ಏಕೆಂದರೆ ತುಂಬು ಹೊರೆಯಲ್ಲಿ ಏಪ್ರಿಲ್ ಬಿಸಿಲಿನ ಹೈವೇಯಲ್ಲಿ ಟೈರ್ ತಾಳುವ ಶಾಖವೂ ಇದರೊಂದಿಗೇ ಬರುತ್ತದೆ. ಎಕ್ಸ್‌ಎಲ್ ಎಂದು ಬರೆದಿದ್ದರೆ ಅದು ಹೆಚ್ಚು ಹೊರೆಗೆ ಗಟ್ಟಿಗೊಳಿಸಿದ ಟೈರ್.

ಯಾವ ಜಾತಿಯ ಟೈರ್

ಈ ಅಳತೆಗಳಲ್ಲಿ ಸಿಗುವ ಟೈರ್‌ಗಳಲ್ಲಿ ಸ್ಥೂಲವಾಗಿ ಎರಡು ಗುಂಪು. ಮಿಶೆಲಿನ್ ಪೈಲಟ್ ಸ್ಪೋರ್ಟ್ 4 ಎಸ್‌ಯುವಿ, ಪಿರೆಲ್ಲಿ ಪಿ ಝೀರೋ, ಗುಡ್‌ಇಯರ್ ಈಗಲ್ ಎಫ್1 ಅಸಿಮೆಟ್ರಿಕ್ ಎಸ್‌ಯುವಿ ಮೊದಲಾದವು ವೇಗದ ಓಟಕ್ಕಾಗಿ ಮಾಡಿದವು. ಸ್ಟೀರಿಂಗಿಗೆ ತಕ್ಷಣ ಓಗೊಡುತ್ತವೆ, ಒಣ ರಸ್ತೆಯಲ್ಲೂ ಒದ್ದೆಯಲ್ಲೂ ಗಟ್ಟಿ ಹಿಡಿತ. ಸೈಡ್‌ವಾಲ್ ಬಿಗಿ, ರಬ್ಬರ್ ಮೃದುವಾದ್ದರಿಂದ ಸವೆತವೂ ಬೇಗ. ಮಿಶೆಲಿನ್ ಪ್ರೈಮಸಿ ಎಸ್‌ಯುವಿ, ಬ್ರಿಜ್‌ಸ್ಟೋನ್ ಅಲೆಂಝಾ, ಪಿರೆಲ್ಲಿ ಸ್ಕಾರ್ಪಿಯನ್ ವರ್ಡೆ ದೂರ ಪ್ರಯಾಣದ ಸುಖಕ್ಕೆ ಒತ್ತು ಕೊಟ್ಟವು. ಕಾಂಟಿನೆಂಟಲ್ ಪ್ರೀಮಿಯಂ ಕಾಂಟ್ಯಾಕ್ಟ್ ಸಾಲು ಎರಡರ ನಡುವೆ ನಿಲ್ಲುತ್ತದೆ. ಅಪೋಲೋ 2009ರಲ್ಲಿ ಕೊಂಡ ಡಚ್ ಕಂಪನಿ ವ್ರೆಡೆಸ್ಟೈನ್‌ನ ಟೈರ್‌ಗಳೂ ಈಗ ಇಲ್ಲಿ ಸಿಗುತ್ತವೆ. ನಿಮ್ಮ ಅಳತೆ ಅದರಲ್ಲಿದ್ದರೆ ವಿಚಾರಿಸಲು ಯೋಗ್ಯ.

ಕುಟುಂಬ ಕರೆದುಕೊಂಡು ಓಡಾಡುವ ಎಸ್‌ಯುವಿಗೆ ಎರಡನೆಯ ಗುಂಪು ಅಥವಾ ನಡುವಿನದು ಸಾಕು ಎಂಬುದು ನನ್ನ ಮತ. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲೇ ಕಾರುಗಳಿಗೆ ಗಂಟೆಗೆ 100 ಕಿ.ಮೀ. ಮಿತಿ ಇದೆ. ಪಿ ಝೀರೋದ ಬಿಗಿ ಸೈಡ್‌ವಾಲ್ ತನ್ನ ಗುಣ ತೋರಿಸುವುದು ಅದಕ್ಕೂ ಮೇಲಿನ ವೇಗದಲ್ಲಿ. ಹಂಪು, ಗುಂಡಿಗಳಲ್ಲಿ ತನ್ನ ಒರಟುತನ ತೋರಿಸುವುದು ಪ್ರತಿದಿನ.

ಅಮೆರಿಕದಲ್ಲಿರುವ ಬಂಧುಗಳು "ಆಲ್ ಸೀಸನ್ ಹಾಕ್ಸು" ಎಂದು ಹೇಳುವುದುಂಟು. ಅವರ ಊರಿಗೆ ಆ ಮಾತು ಸರಿ. ಸಮ್ಮರ್ ಟೈರಿನ ರಬ್ಬರ್ ಸುಮಾರು 7 ಡಿಗ್ರಿಗಿಂತ ಕೆಳಗಿನ ಚಳಿಯಲ್ಲಿ ಗಟ್ಟಿಯಾಗಿ ಹಿಡಿತ ಕಳೆದುಕೊಳ್ಳುತ್ತದೆ. ನಮ್ಮ ರಸ್ತೆಗಳು ಅಷ್ಟು ತಣ್ಣಗಾಗುವುದೇ ಅಪರೂಪ. ಹಿಮಕ್ಕಾಗಿ ಮಾಡಿದ ಗುಣಕ್ಕೆ ಇಲ್ಲಿ ದುಡ್ಡು ಕೊಡಬೇಕಿಲ್ಲ. ಸಮ್ಮರ್ ಟೈರ್ ಎಂದರೆ ಬೇಸಿಗೆಗೆ ಮಾತ್ರ ಎಂದು ಹೆದರಬೇಡಿ; ಮಳೆಯಲ್ಲಿ ಹಿಡಿತ ಕೊಡುವುದೂ ಅದರ ಕೆಲಸವೇ. ಚಂದಕ್ಕೆಂದು ದೊಡ್ಡ ಗಡ್ಡೆಗಳ ಆಲ್ ಟೆರೇನ್ ಟೈರ್ ಹಾಕಿಸುವುದು ಇನ್ನೊಂದು ಚಾಳಿ. ಕಾಫಿ ತೋಟದ ಕೆಸರು ದಾರಿಯಲ್ಲಿ ದಿನಾ ಓಡಾಡುವವರಿಗೆ ಅದು ಬೇಕು. ಉಳಿದವರಿಗೆ ಸದ್ದು ಹೆಚ್ಚು, ಒದ್ದೆ ಡಾಂಬರಿನಲ್ಲಿ ನಿಲ್ಲಲು ಹಿಡಿಯುವ ದೂರವೂ ಹೆಚ್ಚು.

ಹಿಡಿತ ಎಷ್ಟಿದೆ ಎಂದು ಅಂಗಡಿಯಲ್ಲಿ ನಿಂತು ತಿಳಿಯುವುದು ಹೇಗೆ? ಯುರೋಪಿನಲ್ಲಿ ಮಾರುವ ಟೈರ್‌ಗಳಿಗೆ ಒದ್ದೆ ರಸ್ತೆಯ ಹಿಡಿತ ಮತ್ತು ಇಂಧನ ಉಳಿತಾಯಕ್ಕೆ ಎ ಯಿಂದ ಇ ವರೆಗೆ ದರ್ಜೆ ಕೊಡುವ ಲೇಬಲ್ ಕಡ್ಡಾಯ. ನಿಮ್ಮ ಅಳತೆಯ, ಅದೇ ಮಾದರಿಯ ಲೇಬಲ್ಲನ್ನು ಅಂತರ್ಜಾಲದಲ್ಲಿ ಹುಡುಕಿದರೆ ಸಿಗುತ್ತದೆ. ಒದ್ದೆಯ ಹಿಡಿತಕ್ಕೆ ಎ ಇದ್ದದ್ದನ್ನು ಮೊದಲು ನೋಡಿ, ಬಿ ಗಿಂತ ಕೆಳಗೆ ಇಳಿಯಬೇಡಿ. ಅದೇ ಲೇಬಲ್ಲಿನಲ್ಲಿ ಸದ್ದಿನ ಡೆಸಿಬೆಲ್ ಕೂಡ ಇರುತ್ತದೆ. ಅದು ರಸ್ತೆ ಬದಿಯಲ್ಲಿ ನಿಂತವರಿಗೆ ಕೇಳುವ ಸದ್ದು. ಕ್ಯಾಬಿನ್ನಿನೊಳಗೆ ಕೂತ ನಿಮ್ಮ ನೆಮ್ಮದಿಯ ಅಳತೆ ಅಲ್ಲ. ನಮ್ಮಲ್ಲೂ ಎಐಎಸ್-142 ಮಾನದಂಡದಡಿ ಒದ್ದೆಯ ಹಿಡಿತ, ಉರುಳು ಪ್ರತಿರೋಧ ಮತ್ತು ಸದ್ದಿಗೆ ಮಿತಿಗಳು ಬಂದಿವೆ. ಹೊಸ ವಿನ್ಯಾಸದ ಟೈರ್‌ಗಳಿಗೆ 2022ರ ಅಕ್ಟೋಬರ್‌ನಿಂದ ಅವು ಅನ್ವಯ. ಆದರೆ ಅದು ಪಾಸಾಗಲು ಬೇಕಾದ ಕನಿಷ್ಠ ಅಂಕ ಮಾತ್ರ. ಟೈರ್‌ಗಳ ಮಧ್ಯೆ ಯಾವುದು ಮೇಲು ಎಂದು ಅದರಿಂದ ತಿಳಿಯುವುದಿಲ್ಲ.

ಸದ್ದು

ಬೆಂಗಳೂರಿನ ವೈಟ್ ಟಾಪಿಂಗ್ ರಸ್ತೆಗಳಲ್ಲಿ, ಶಿರಾಡಿ ಘಾಟಿಯ ಕಾಂಕ್ರೀಟಿನಲ್ಲಿ ಟೈರಿನ ಸದ್ದು ಡಾಂಬರಿಗಿಂತ ಎದ್ದು ಕೇಳುತ್ತದೆ. ಇದರಲ್ಲಿ ಎರಡು ಬಗೆ. ಟ್ರೆಡ್ ರಸ್ತೆಗೆ ಬಡಿಯುವ ಸದ್ದು ಒಂದು. ಅದಕ್ಕೆ ಟ್ರೆಡ್ಡಿನ ವಿನ್ಯಾಸವೇ ಮದ್ದು. ಟೈರಿನೊಳಗಿನ ಗಾಳಿಯೇ ಅನುರಣಿಸಿ ಹುಟ್ಟುವ, ಸುಮಾರು 200 ಹರ್ಟ್ಸ್ ಆಸುಪಾಸಿನ ಗುಂಯ್‌ಗುಡುವಿಕೆ ಇನ್ನೊಂದು. ಎಂಜಿನ್ ಸದ್ದೇ ಕೇಳಿಸದ ದುಬಾರಿ ಗಾಡಿಗಳಲ್ಲಿ ಈ ಎರಡನೆಯದು ಕಿವಿಗೆ ಚುಚ್ಚುತ್ತದೆ. ಅದಕ್ಕಾಗಿ ಕಂಪನಿಗಳು ಟೈರಿನ ಒಳಮೈಗೆ ಫೋಮ್ ಪಟ್ಟಿ ಅಂಟಿಸುತ್ತವೆ: ಕಾಂಟಿನೆಂಟಲ್‌ನಲ್ಲಿ ಕಾಂಟಿಸೈಲೆಂಟ್, ಮಿಶೆಲಿನ್‌ನಲ್ಲಿ ಅಕೌಸ್ಟಿಕ್, ಪಿರೆಲ್ಲಿಯಲ್ಲಿ ಪಿಎನ್‌ಸಿಎಸ್. ನಿಮ್ಮ ಹಳೆಯ ಟೈರಿನಲ್ಲಿ ಈ ಗುರುತಿದ್ದು, ಫೋಮ್ ಇಲ್ಲದ ಅಗ್ಗದ ಆವೃತ್ತಿಯನ್ನು ಹಾಕಿಸಿಕೊಂಡರೆ ಮನೆಗೆ ಮರಳುವ ದಾರಿಯಲ್ಲೇ ವ್ಯತ್ಯಾಸ ಗೊತ್ತಾಗಬಹುದು. ಮಾದರಿಯ ಹೆಸರು ಒಂದೇ ಇರುತ್ತದೆ, ಆದ್ದರಿಂದ ಕೇಳಿ ಖಚಿತಪಡಿಸಿಕೊಳ್ಳಿ. ಇಂಥ ಟೈರ್ ಪಂಚರ್ ಆದರೆ ಟೈರ್ ಬಿಚ್ಚಿ, ಆ ಜಾಗದ ಫೋಮ್ ತೆಗೆದು, ಒಳಗಿನಿಂದ ಪ್ಯಾಚ್ ಹಾಕಬೇಕು. ಹೊರಗಿನಿಂದ ಸ್ಟ್ರಿಪ್ ತುರುಕುವುದು ಊರು ಸೇರುವವರೆಗಿನ ಉಪಾಯ.

ಸವೆದ ಟೈರಿನ ಸದ್ದಿಗೆ ಟೈರನ್ನೇ ಬೈಯುವ ಮುನ್ನ ಟ್ರೆಡ್ಡಿನ ಮೇಲೆ ಅಂಗೈ ಆಡಿಸಿ. ಒಂದು ದಿಕ್ಕಿಗೆ ನುಣುಪು, ಇನ್ನೊಂದು ದಿಕ್ಕಿಗೆ ಗರಗಸದ ಹಲ್ಲಿನಂತೆ ತಾಗಿದರೆ ತಪ್ಪು ಅಲೈನ್‌ಮೆಂಟ್, ಸವೆದ ಬುಷ್ ಅಥವಾ ಶಾಕ್ ಅಬ್ಸಾರ್ಬರ್‌ನದು ಇರಬಹುದು. ಅದನ್ನು ಸರಿಪಡಿಸದೆ ಹಾಕಿದ ಹೊಸ ಟೈರೂ ಕೆಲವು ತಿಂಗಳಲ್ಲಿ ಹಾಗೇ ಕೂಗುತ್ತದೆ. ಲಕ್ಷ ಕಿ.ಮೀ. ಓಡಿದ ಗಾಡಿಯ ಒರಟು ಸವಾರಿಗೆ ಎಷ್ಟೋ ಸಲ ಟೈರ್ ಕಾರಣವೇ ಆಗಿರುವುದಿಲ್ಲ.

ಮಳೆ, ಘಾಟಿ, ಅಗಲ ಟೈರ್

ಆಗುಂಬೆ, ಚಾರ್ಮಾಡಿ, ಸಂಪಾಜೆಗಳಲ್ಲಿ ಜುಲೈ ತಿಂಗಳಲ್ಲಿ ಇಳಿಯುವ ಗಾಡಿಯನ್ನು ನೆನೆಸಿಕೊಳ್ಳಿ. ಐದಾರು ಜನ, ಸಾಮಾನು, ಎರಡು ಟನ್ ಮೀರಿದ ತೂಕ, ತಿರುವಿನಲ್ಲಿ ಹರಿಯುವ ನೀರು. ಗಾಡಿಗೆ ನಾಲ್ಕು ಚಕ್ರದ ಚಾಲನೆ ಇದೆ ಎಂಬ ಧೈರ್ಯ ಇಲ್ಲಿ ಮೋಸ ಮಾಡುತ್ತದೆ. ನಾಲ್ಕು ಚಕ್ರಕ್ಕೆ ಶಕ್ತಿ ಹಂಚುವುದರಿಂದ ಏರುವುದು, ಮುಂದೆ ನುಗ್ಗುವುದು ಸುಲಭ. ನಿಲ್ಲಿಸಲು ಅದು ಸಹಾಯಕ್ಕೆ ಬರುವುದಿಲ್ಲ. ಸಣ್ಣ ಕಾರಾಗಲಿ, ಕೋಟಿ ಬೆಲೆಯ ಎಸ್‌ಯುವಿಯಾಗಲಿ, ನಿಲ್ಲುವುದು ನೆಲ ಮುಟ್ಟಿರುವ ನಾಲ್ಕು ಅಂಗೈಯಷ್ಟು ರಬ್ಬರಿನ ಬಲದಲ್ಲೇ.

ಅಗಲವಾದ ಟೈರ್ ಒಣ ರಸ್ತೆಯಲ್ಲಿ ಒಳ್ಳೆಯದು. ನಿಂತ ನೀರಿನಲ್ಲಿ ಅದು ಬೇಗ ತೇಲುತ್ತದೆ, ಏಕೆಂದರೆ ಹೆಚ್ಚು ನೀರನ್ನು ಬದಿಗೆ ತಳ್ಳಬೇಕು. ಆ ನೀರು ಹೋಗುವುದು ಟ್ರೆಡ್ಡಿನ ತೋಡುಗಳಲ್ಲಿ. ಹೊಸ ಟೈರಿನಲ್ಲಿ ತೋಡಿನ ಆಳ ಸಾಮಾನ್ಯವಾಗಿ 8 ಮಿ.ಮೀ. ಆಸುಪಾಸು. ಕಾನೂನಿನ ಕನಿಷ್ಠ 1.6 ಮಿ.ಮೀ.; ತೋಡಿನ ತಳದಲ್ಲಿರುವ ಸಣ್ಣ ದಿಬ್ಬಗಳು ಆ ಮಟ್ಟವನ್ನು ತೋರಿಸುತ್ತವೆ. ಆ ದಿಬ್ಬ ಸಮವಾಗುವವರೆಗೆ ಕಾಯುವುದು ಬಯಲುಸೀಮೆಯ ಒಣ ರಸ್ತೆಗೆ ಹೇಗೋ ನಡೆದೀತು. 275 ಮಿ.ಮೀ. ಅಗಲದ ಟೈರ್ ಹಾಕಿ ಮಲೆನಾಡಿಗೆ, ಕರಾವಳಿಗೆ ಹೋಗುವವರು 3 ಮಿ.ಮೀ. ಉಳಿದಾಗಲೇ ಬದಲಿಸಬೇಕು. ಆಳ ಅಳೆಯುವ ಗೇಜ್ ಕೆಲವು ನೂರು ರೂಪಾಯಿಯೊಳಗೆ ಸಿಗುತ್ತದೆ, ಗ್ಲವ್ ಬಾಕ್ಸಿನಲ್ಲಿ ಇಟ್ಟುಕೊಳ್ಳಿ.

ರನ್‌ಫ್ಲ್ಯಾಟ್ ಬೇಕೆ?

ಬಿಎಂಡಬ್ಲ್ಯು ಎಕ್ಸ್5 ಥರದ ಗಾಡಿಗಳ ಮಾಲೀಕರಿಗೆ ಇದು ಎಲ್ಲಕ್ಕಿಂತ ದೊಡ್ಡ ಪ್ರಶ್ನೆ. ರನ್‌ಫ್ಲ್ಯಾಟ್ ಟೈರಿನ ಸೈಡ್‌ವಾಲ್ ಎಷ್ಟು ದಪ್ಪ ಎಂದರೆ ಗಾಳಿ ಪೂರ್ತಿ ಹೋದರೂ ಗಾಡಿಯ ಭಾರ ಹೊರುತ್ತದೆ. ಸಾಮಾನ್ಯ ಮಿತಿ ಗಂಟೆಗೆ 80 ಕಿ.ಮೀ. ವೇಗದಲ್ಲಿ 80 ಕಿ.ಮೀ. ದೂರ. ಆ ದಪ್ಪದ ಬೆಲೆಯನ್ನು ಪ್ರತಿ ಹಂಪಿನಲ್ಲೂ ತೆರಬೇಕು. ಅದನ್ನು ತೆಗೆದು ಮಾಮೂಲಿ ಟೈರ್ ಹಾಕಿದರೆ ಸವಾರಿ ಮೆತ್ತಗಾಗುತ್ತದೆ. ಆದರೆ ಇಂಥ ಹಲವು ಗಾಡಿಗಳಲ್ಲಿ ಸ್ಟೆಪ್ನಿ ಇರುವುದಿಲ್ಲ, ಇಡಲು ಜಾಗವೂ ಇರುವುದಿಲ್ಲ. ಟೈರ್ ಒತ್ತಡ ತಿಳಿಸುವ ವ್ಯವಸ್ಥೆ ಮತ್ತು ರಿಪೇರಿ ಕಿಟ್ ಇದ್ದರೆ ಸ್ಟೆಪ್ನಿ ಬೇಡ ಎಂದು ನಮ್ಮ ನಿಯಮವೂ 2020ರಿಂದ ಒಪ್ಪುತ್ತದೆ. ಕಿಟ್ಟಿನ ದ್ರವ ಮೊಳೆ ಚುಚ್ಚಿದ ತೂತನ್ನು ಮುಚ್ಚುತ್ತದೆ. ಹರಿದ ಸೈಡ್‌ವಾಲಿಗೆ ಏನೂ ಮಾಡದು.

ಓಡಾಟ ಬಹುತೇಕ ಊರೊಳಗೆ ಮತ್ತು ದೊಡ್ಡ ಹೆದ್ದಾರಿಗಳಲ್ಲಿ ಇದ್ದರೆ ಮಾಮೂಲಿ ಟೈರ್, ಒಳ್ಳೆಯ ಏರ್ ಕಂಪ್ರೆಸರ್ ಮತ್ತು ಪಂಚರ್ ಕಿಟ್ ಸಾಕು. ರಾತ್ರಿ ಹೊತ್ತು, ಮೊಬೈಲ್ ಸಿಗ್ನಲ್ ಸಿಗದ ಘಾಟಿಗಳಲ್ಲಿ ಮಕ್ಕಳು, ವಯಸ್ಸಾದವರ ಜೊತೆ ಓಡಾಡುವವರು ರನ್‌ಫ್ಲ್ಯಾಟನ್ನೇ ಇಟ್ಟುಕೊಳ್ಳಲಿ. ಎರಡು ರನ್‌ಫ್ಲ್ಯಾಟ್, ಎರಡು ಮಾಮೂಲಿ ಎಂಬ ಮಿಶ್ರಣ ಮಾತ್ರ ಬೇಡವೇ ಬೇಡ.

ಎಕ್ಸ್5ರ 20 ಇಂಚಿನ ಜೋಡಿಯಲ್ಲಿ ಮುಂದೆ 275/45, ಹಿಂದೆ 305/40 ಇರುವುದುಂಟು. ಹೀಗೆ ಹಿಂದೆ ಮುಂದೆ ಬೇರೆ ಅಳತೆ ಇದ್ದರೆ ಟೈರ್‌ಗಳನ್ನು ಹಿಂದೆ ಮುಂದೆ ಅದಲು ಬದಲು ಮಾಡಲಾಗದು, ಅವುಗಳ ಆಯಸ್ಸು ಅಷ್ಟರ ಮಟ್ಟಿಗೆ ಕಡಿಮೆ.

ನಾಲ್ಕೂ ಒಂದೇ

ಆಲ್ ವೀಲ್ ಡ್ರೈವ್ ಗಾಡಿಗಳಲ್ಲಿ ಮುಂದಿನ ಮತ್ತು ಹಿಂದಿನ ಚಕ್ರಗಳನ್ನು ಜೋಡಿಸುವ ಕ್ಲಚ್ ವ್ಯವಸ್ಥೆ ಇರುತ್ತದೆ. ಸವೆದ ಟೈರ್ ಹೊಸದಕ್ಕಿಂತ ಸಣ್ಣದು, ಹೆಚ್ಚು ಸುತ್ತು ತಿರುಗುತ್ತದೆ. ಆ ವ್ಯತ್ಯಾಸವನ್ನು ಕ್ಲಚ್ಚು ದಿನವಿಡೀ ಜಾರುತ್ತಾ ಸಹಿಸಬೇಕು. ಕೊನೆಗೆ ರಿಪೇರಿ ಖರ್ಚು ನಾಲ್ಕು ಟೈರಿನ ಬೆಲೆಯನ್ನೂ ಮೀರೀತು. ಆದ್ದರಿಂದ ನಾಲ್ಕೂ ಒಂದೇ ಕಂಪನಿ, ಒಂದೇ ಮಾದರಿ, ಒಂದೇ ಕಾಲದವು ಇರಲಿ. ಒಂದೇ ಟೈರ್ ಹಾಳಾಗಿದ್ದರೆ ಉಳಿದವುಗಳ ಆಳ ಅಳೆದು, ನಿಮ್ಮ ಗಾಡಿಗೆ ಎಷ್ಟು ವ್ಯತ್ಯಾಸ ನಡೆಯುತ್ತದೆ ಎಂದು ಸರ್ವಿಸ್ ಸೆಂಟರಿನಲ್ಲಿ ಕೇಳಿಯೇ ತೀರ್ಮಾನಿಸಿ.

ಸೈಡ್‌ವಾಲಿನ ಮೇಲೆ ನಕ್ಷತ್ರದ ಗುರುತು ಇದ್ದರೆ ಆ ಟೈರ್ ಬಿಎಂಡಬ್ಲ್ಯುಗೆಂದು ಹದ ಮಾಡಿದ್ದು. ಎಂಒ ಮರ್ಸಿಡಿಸ್‌ಗೆ, ಎಒ ಆಡಿಗೆ, ವಿಒಎಲ್ ವೋಲ್ವೋಗೆ. ಸಿಕ್ಕರೆ ಅದನ್ನೇ ಹಾಕಿಸುವುದು ನೆಮ್ಮದಿ. ಸಿಗದಿದ್ದರೆ ತಿಂಗಳುಗಟ್ಟಲೆ ಸವೆದ ಟೈರಿನಲ್ಲಿ ಕಾಯುವುದು ಜಾಣತನವಲ್ಲ. 2020ರ ಜೂನ್‌ನಿಂದ ಟೈರ್ ಆಮದಿಗೆ ಸರ್ಕಾರದ ಪರವಾನಗಿ ಬೇಕಾಗಿರುವುದರಿಂದ ದೊಡ್ಡ ಅಳತೆಗಳು ಕೇಳಿದ ದಿನವೇ ಸಿಗದಿರುವುದುಂಟು. ಹೀಗಾಗಿ ಟೈರ್ ಪೂರ್ತಿ ಸವೆಯುವ ಮೊದಲೇ ವಿಚಾರಿಸಲು ಶುರುಮಾಡಿ.

ಕೊಳ್ಳುವಾಗ ಡಿಒಟಿ ಎಂಬ ಅಕ್ಷರಗಳ ಸಾಲಿನ ಕೊನೆಯ ನಾಲ್ಕು ಅಂಕಿ ನೋಡಿ. 2325 ಎಂದರೆ 2025ರ 23ನೇ ವಾರ ತಯಾರಾದದ್ದು. ಒಂದು ವರ್ಷದೊಳಗಿನದನ್ನೇ ಕೇಳಿ. ಐಎಸ್‌ಐ ಗುರುತು ಕಡ್ಡಾಯ. ಅದಿಲ್ಲದ, ಬಿಲ್ಲಿಲ್ಲದ ಟೈರ್ ಎಷ್ಟೇ ಅಗ್ಗವಾದರೂ ಬೇಡ. 2025ರ ಸೆಪ್ಟೆಂಬರ್ 22ರಿಂದ ಕಾರಿನ ಟೈರಿನ ಮೇಲಿನ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದಿದೆ, ಬಿಲ್ಲಿನಲ್ಲಿ ಅದು ಕಾಣಬೇಕು. ಗುಂಡಿಗೆ ಬಿದ್ದು ಉಬ್ಬಿದ ಟೈರಿಗೆ ಸಾಮಾನ್ಯ ವಾರಂಟಿ ಬರುವುದಿಲ್ಲ. ರಸ್ತೆಯ ಹಾನಿಗೂ ರಕ್ಷಣೆ ಕೊಡುವ ಯೋಜನೆ ಇದೆಯೇ ಎಂದು ಕೇಳಿ, ಇದ್ದರೆ ಬರೆಸಿಕೊಳ್ಳಿ.

ಹಾಕಿಸಿದ ಮೇಲೆ ಬ್ಯಾಲೆನ್ಸಿಂಗ್, ಅಲೈನ್‌ಮೆಂಟ್ ಎರಡೂ ಆಗಲೇಬೇಕು. ಮೊದಲ 300 ಕಿ.ಮೀ. ನಿಧಾನ, ಹೊಸ ರಬ್ಬರಿನ ಮೇಲ್ಮೈ ಸವೆದ ಮೇಲೆಯೇ ಪೂರ್ತಿ ಹಿಡಿತ. ಪೆಟ್ರೋಲ್ ಬಂಕಿನಲ್ಲಿ "ಮೂವತ್ತೈದು ಹಾಕ್ಲಾ ಸಾರ್?" ಎಂದರೆ ತಲೆಯಾಡಿಸಬೇಡಿ. ಚಾಲಕನ ಬಾಗಿಲು ತೆರೆದರೆ ಕಂಬದ ಮೇಲೆ ಚೀಟಿ ಇರುತ್ತದೆ. ಮುಂದೆ ಎಷ್ಟು, ಹಿಂದೆ ಎಷ್ಟು, ತುಂಬು ಹೊರೆಗೆ ಎಷ್ಟು ಎಲ್ಲ ಅದರಲ್ಲಿದೆ. ಟೈರ್ ತಣ್ಣಗಿರುವಾಗ ಅಷ್ಟೇ ಹಿಡಿಸಿ. ಮೆತ್ತಗಿರಲಿ ಎಂದು ಗಾಳಿ ಇಳಿಸುವುದು ಅಪಾಯ: ಸೈಡ್‌ವಾಲ್ ಕಾಯುತ್ತದೆ, ಗುಂಡಿಯಲ್ಲಿ ರಿಮ್ ತಾಗುತ್ತದೆ, ಮಳೆಯಲ್ಲಿ ಟೈರ್ ಬೇಗ ತೇಲುತ್ತದೆ. ನೈಟ್ರೋಜನ್ ಹಾಕಿಸಿದರೆ ತಪ್ಪಿಲ್ಲ. ಆದರೆ ನಾವು ಉಸಿರಾಡುವ ಗಾಳಿಯಲ್ಲೇ ಶೇ 78ರಷ್ಟು ಅದೇ ಇದೆ. ತಿಂಗಳಿಗೊಮ್ಮೆ ಒತ್ತಡ ನೋಡುವುದಕ್ಕೆ ಅದು ಬದಲಿಯಲ್ಲ.

ನಾವು ಉದಾಹರಣೆಗೆ ತೆಗೆದುಕೊಂಡ ಎಕ್ಸ್‌ಸಿ90ಕ್ಕೆ ನನ್ನ ಆಯ್ಕೆ ಇಷ್ಟು: 20 ಇಂಚಿನ ರಿಮ್, 275/45ರಲ್ಲಿ ದೂರ ಪ್ರಯಾಣದ ಜಾತಿಯ ಸಮ್ಮರ್ ಟೈರ್, ಒದ್ದೆ ಹಿಡಿತಕ್ಕೆ ಎ ದರ್ಜೆ, ಸಿಕ್ಕರೆ ಫೋಮ್ ಇರುವ ಆವೃತ್ತಿ. ವಾರಾಂತ್ಯಕ್ಕೆ ಘಾಟಿ ರಸ್ತೆಗಳನ್ನು ಹುಡುಕಿಕೊಂಡು ಹೋಗಿ ಓಡಿಸುವ ಆಸೆ ಇರುವವರು ಮಾತ್ರ ಸ್ಪೋರ್ಟ್ ಜಾತಿಯತ್ತ ನೋಡಲಿ. ಯಾವುದೇ ಆಗಲಿ, ಮೇ ತಿಂಗಳಲ್ಲೇ ಹಾಕಿಸಿ. ಜೂನ್ ಮೊದಲ ವಾರದಲ್ಲಿ ಮುಂಗಾರು ಕರಾವಳಿ ಮುಟ್ಟುವ ಹೊತ್ತಿಗೆ ಹೊಸ ರಬ್ಬರ್ ಹದಕ್ಕೆ ಬಂದು, ತೋಡುಗಳ ಪೂರ್ತಿ ಆಳ ನಿಮ್ಮ ಕೆಳಗಿರಬೇಕು.